ಮೂರು ಪಾಲು ಇತ್ತ, ಎರಡು ಪಾಲು ಅತ್ತ

ಬಿಗಿಯಾಗಿ ಎಳೆದು ಕಟ್ಟಿದ ಒಂದು ಉಕ್ಕಿನ ತಂತಿ. ಅದರಡಿ ಒಂದು ಕುದುರೆ, ಅಂದರೆ ತಂತಿಯನ್ನು ಎತ್ತಿಹಿಡಿಯುವ ಮರದ ತುಂಡು, ಇಡಿ, ಬಲಕ್ಕೆ ಮೂರು ಪಾಲು, ಎಡಕ್ಕೆ ಎರಡು ಪಾಲು ಉಳಿಯುವ ಹಾಗೆ. ಬಲಗಡೆ ತಟ್ಟಿದರೆ ಷಡ್ಜ, ಎಡಗಡೆ ತಟ್ಟಿದರೆ ಅದರದೇ ಪಂಚಮ. ಅಮೆರಿಕದ ಜಾನಪದ ಸಂಗೀತದಲ್ಲಿ ಹ್ಯಾಮರ್ಡ್ ಡಲ್ಸಿಮರ್ ಎಂದು ಕರೆಯುವ ವಾದ್ಯದ ಲೆಕ್ಕಾಚಾರವೆಲ್ಲ ಈ ಒಂದು ಜಾಗದ ಮೇಲೆ ನಿಂತಿದೆ. ನುಡಿಸುವವರು ಯಾವ ಮಟ್ಟುಗಳನ್ನು ಆರಿಸಿಕೊಳ್ಳುತ್ತಾರೆ, ಮೊದಲ ಪಾಠವನ್ನು ಎಲ್ಲಿಂದ ಶುರುಮಾಡುತ್ತಾರೆ, ಕಾರ್ಯಕ್ರಮಕ್ಕೆ ಎಷ್ಟು ಮುಂಚೆ ಹೋಗುತ್ತಾರೆ, ಮದುವೆಯಲ್ಲಿ ಯಾವ ಮೂಲೆಯನ್ನು ಕೇಳಿ ಪಡೆಯುತ್ತಾರೆ ಎಂದು ಬಿಡಿಸುತ್ತಾ ಹೋದರೆ ಕೈಗೆ ಸಿಗುವುದು ಆ ಕುದುರೆಯೇ.

ಕಾಶ್ಮೀರದ ಸಂತೂರನ್ನು ಕಂಡವರಿಗೆ ಇದರ ಆಕಾರ ಹೊಸದಲ್ಲ. ಅದೇ ತ್ರಾಪಿಜ್ಯದ ಪೆಟ್ಟಿಗೆ, ಉದ್ದನೆಯ ಬದಿ ನುಡಿಸುವವರ ಕಡೆಗೆ, ಚಿಕ್ಕದು ಆಚೆಗೆ. ಇರಾನಿನ ಸಂತೂರ್, ಹಂಗೇರಿಯ ಸಿಂಬಲಂ, ಚೀನಾದ ಯಾಂಗ್‌ಚಿನ್ ಎಲ್ಲವೂ ಒಂದೇ ಬಳಗ. ಆದರೆ ಈ ದಾಯಾದಿಗಳಿಗೆ ಕುದುರೆಯ ವಿಷಯದಲ್ಲಿ ಒಮ್ಮತವಿಲ್ಲ. ಇರಾನಿನಲ್ಲಿ ಒಂದು ಬದಿಗೆ ಒಂಬತ್ತರಂತೆ ಹದಿನೆಂಟು ಬಿಡಿ ಕುದುರೆಗಳು, ಒಂದೊಂದರ ಮೇಲೆ ನಾಲ್ಕು ತಂತಿ, ಒಟ್ಟು 72. ಎಡಸಾಲಿನ ಕುದುರೆಗಳು ತಂತಿಯನ್ನು 2:1 ಆಗಿ ಒಡೆಯುವುದರಿಂದ ಆಚೆಬದಿಯಲ್ಲಿ ಸಿಗುವುದು ಮೇಲಿನ ಸ್ಥಾಯಿಯ ಅದೇ ಸ್ವರ. ಕಾಶ್ಮೀರದ ಸೂಫಿಯಾನಾ ಸಂಗೀತದ ಸಂತೂರಿನಲ್ಲಿ 25 ಕುದುರೆ, ನಾಲ್ಕರಂತೆ ನೂರು ತಂತಿ. ಶಿವಕುಮಾರ್ ಶರ್ಮಾ ಅದನ್ನು ಮರದ ಪೀಠದಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡರು, ಕುದುರೆಗಳನ್ನೂ ಶ್ರುತಿಯ ಕ್ರಮವನ್ನೂ ಹಿಂದುಸ್ತಾನಿ ರಾಗಗಳಿಗೆ ಒಗ್ಗುವಂತೆ ಬದಲಿಸಿದರು. ಅಮೆರಿಕದ ರೈತರು, ಬಡಗಿಗಳು ಉಳಿಸಿಕೊಂಡದ್ದು 3:2ರ ಲೆಕ್ಕ. ಅವರಿಗೆ ಬೇಕಿದ್ದದ್ದು ಕುಣಿತದ ಮಟ್ಟುಗಳು. ಅದಕ್ಕೆ ಈ ಲೆಕ್ಕ ಸಾಕಾಗಿತ್ತು.

ಇಂದು ಸಾಮಾನ್ಯವಾಗಿ ಸಿಗುವ ಚಿಕ್ಕ ವಾದ್ಯವನ್ನು 12/11 ಎನ್ನುತ್ತಾರೆ. ಎಡಗಡೆಯ ಉದ್ದನೆಯ ಕುದುರೆಯ ಮೇಲೆ 12 ಜೋಡಿ, ಬಲಗಡೆಯ ಮಂದ್ರದ ಕುದುರೆಯ ಮೇಲೆ 11 ಜೋಡಿ. ಜೋಡಿಗೆ ಎರಡರಂತೆ 46 ತಂತಿ. ದೊಡ್ಡವು 15/14, 16/15. ಕೊನೆಯದರಲ್ಲಿ 62 ತಂತಿ. ಒಂದೊಂದು ತಂತಿಯೂ ಹತ್ತು ಕಿಲೋಗ್ರಾಂಗಿಂತ ಹೆಚ್ಚಿನ ಎಳೆತದಲ್ಲಿರುತ್ತದೆ. ಹಾಗಾಗಿ ದೊಡ್ಡ ವಾದ್ಯದ ಚೌಕಟ್ಟು ಸದಾ ಅರ್ಧ ಟನ್‌ಗಿಂತ ಹೆಚ್ಚಿನ ಒತ್ತಡವನ್ನು ಹೊತ್ತಿರುತ್ತದೆ. ತಂತಿ ಸುತ್ತಿ ಬಿಗಿಸುವ ಬಿರಡೆಗಳು ಕೂರುವ ಎರಡು ಪಕ್ಕದ ದಿಮ್ಮಿಗಳನ್ನು ಮೇಪಲ್‌ನಂಥ ಗಟ್ಟಿಮರದಲ್ಲೇ ಮಾಡುವುದು ಇದಕ್ಕಾಗಿ. ಅಗ್ಗದ ಮರ ಹಾಕಿದ ವಾದ್ಯ ಕೆಲವು ವರ್ಷಗಳಲ್ಲಿ ಒಂದು ಮೂಲೆ ಎದ್ದು ತಿರುಚಿಕೊಳ್ಳುತ್ತದೆ, ಬಿರಡೆಯ ತೂತುಗಳು ಸಡಿಲವಾಗುತ್ತವೆ.

ಕುದುರೆಗಳನ್ನು ಮೇಲ್ಹಲಗೆಗೆ ಅಂಟಿಸಿರುವುದಿಲ್ಲ. ಅವು ನಿಂತಿರುವುದು ತಂತಿಗಳು ಕೆಳಕ್ಕೆ ಒತ್ತುವ ಬಲದಿಂದ. ಹೊಸಬರು ಹಳೆಯ ವಾದ್ಯವನ್ನು ತಂದು ತುಕ್ಕು ಹಿಡಿದಿದೆಯೆಂದು ಎಲ್ಲ ತಂತಿಗಳನ್ನೂ ಒಟ್ಟಿಗೆ ಬಿಚ್ಚಿದಾಗ ಕುದುರೆ ಬಿದ್ದು ಎಲ್ಲಿತ್ತೆಂದೇ ಗೊತ್ತಾಗದೆ ಹೋಗುವುದು ಇದರಿಂದಲೇ. ಒಂದು ತಂತಿ ತೆಗೆ, ಒಂದು ಹಾಕು: ಈ ವಾದ್ಯದ ರಿಪೇರಿಯಲ್ಲಿ ಮೊದಲು ಕಲಿಯಬೇಕಾದದ್ದು ಇಷ್ಟು. ಬಿಚ್ಚುವ ಮುನ್ನ ಕುದುರೆಯ ಎರಡು ತುದಿಗಳಲ್ಲಿ ಹಲಗೆಯ ಮೇಲೆ ಪೆನ್ಸಿಲಿನ ಗೆರೆ ಎಳೆದುಕೊಳ್ಳುವುದು ಇನ್ನೂ ಒಳ್ಳೆಯದು.

ಈಗ ಸ್ವರಗಳ ಜಾಗಕ್ಕೆ ಬರೋಣ. ಕರ್ನಾಟಕ ಸಂಗೀತ ಬಲ್ಲವರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ.

12/11 ವಾದ್ಯದಲ್ಲಿ ಎಡಗುದುರೆಯ ಬಲಬದಿಯನ್ನು ಕೆಳಗಿನಿಂದ ಮೇಲಕ್ಕೆ ಪಾಶ್ಚಾತ್ಯ ಸ್ವರನಾಮಗಳಲ್ಲಿ ಓದಿದರೆ ಸಿ ಶಾರ್ಪ್, ಡಿ, ಇ, ಎಫ್ ಶಾರ್ಪ್, ಜಿ, ಎ, ಬಿ, ಸಿ, ಡಿ, ಇ, ಎಫ್, ಜಿ. ಎರಡನೆಯ ಜೋಡಿಯಾದ ಡಿಯನ್ನು ಷಡ್ಜವೆಂದು ಹಿಡಿಯಿರಿ. ಬಲಬದಿಯಲ್ಲಿ ಮೇಲಕ್ಕೆ ನಾಲ್ಕು ಜೋಡಿ ತಟ್ಟಿದರೆ ಸ ರಿ ಗ ಮ. ಅಲ್ಲಿಂದ ಕುದುರೆಯ ಎಡಬದಿಗೆ ದಾಟಿ ಅದೇ ನಾಲ್ಕು ಜೋಡಿಗಳನ್ನು ಮತ್ತೆ ಕೆಳಗಿನಿಂದ ತಟ್ಟಿದರೆ ಪ ಧ ನಿ ಸ. ಧೀರ ಶಂಕರಾಭರಣದ ಆರೋಹಣ ನಾಲ್ಕೇ ಜೋಡಿಗಳ ಒಂದು ಚೌಕದಲ್ಲಿ ಮುಗಿಯಿತು. ಚೌಕವನ್ನು ಮೂರು ಜೋಡಿ ಮೇಲಕ್ಕೆ ಸರಿಸಿದರೆ, ಅಂದರೆ ಹಿಂದಿನ ಮಧ್ಯಮವನ್ನೇ ಷಡ್ಜ ಮಾಡಿಕೊಂಡರೆ, ಜಿ ಶ್ರುತಿ. ಇನ್ನೂ ಮೂರು ಮೇಲೆ ಹೋದರೆ ಸಿ. ಕೈಯ ನಡೆ ಒಂದಿಷ್ಟೂ ಬದಲಾಗುವುದಿಲ್ಲ. ಷಡ್ಜದ ಜಾಗಗಳಲ್ಲಿ ಕುದುರೆಯ ಮೇಲೆ ಬೇರೆ ಬಣ್ಣದ ಗುರುತು ಇರುತ್ತದೆ. ಒಂದು ಮಟ್ಟನ್ನು ಒಂದು ಗುರುತಿನಿಂದ ಕಲಿತವರು ಅದನ್ನು ಮೂರು ಶ್ರುತಿಯಲ್ಲಿ ನುಡಿಸಬಲ್ಲರು. ಪಿಯಾನೋದಲ್ಲಿ ಈ ಸೌಲಭ್ಯ ಇಲ್ಲ.

ಇದು ಸಾಧ್ಯವಾಗುವುದು ಶಂಕರಾಭರಣದ ಪೂರ್ವಾಂಗ (ಸ ರಿ ಗ ಮ) ಮತ್ತು ಉತ್ತರಾಂಗಗಳ (ಪ ಧ ನಿ ಸ) ಒಳಗಿನ ಅಂತರಗಳು ತದ್ರೂಪಿಯಾಗಿರುವುದರಿಂದ. ಕುದುರೆ ಪೂರ್ವಾಂಗವನ್ನು ಪಂಚಮಕ್ಕೆ ಎತ್ತಿ ಎಡಬದಿಯಲ್ಲಿ ನಕಲು ಮಾಡುತ್ತದೆ, ಅಷ್ಟೇ. ಹಾಗಾದರೆ ಇದೇ ಗುಣವುಳ್ಳ ಬೇರೆ ಮೇಳಗಳೂ ಈ ಪೆಟ್ಟಿಗೆಯಲ್ಲಿ ಸುಲಭವಾಗಿ ಕೂರಬೇಕಲ್ಲ? ಕೂರುತ್ತವೆ. ಡಿ ಷಡ್ಜದ ಚೌಕದಲ್ಲಿ ಇ ಜೋಡಿಯ ಎರಡು ತಂತಿಗಳನ್ನು ಅರ್ಧ ಸ್ವರ ಇಳಿಸಿ ನೋಡಿ. ಬಲಬದಿಯಲ್ಲಿ ಚತುಶ್ರುತಿ ರಿಷಭ ಹೋಗಿ ಶುದ್ಧ ರಿಷಭ ಬಂತು. ಎಡಬದಿಯಲ್ಲಿ, ನೀವು ಕೈ ಹಾಕದೆಯೇ, ಚತುಶ್ರುತಿ ಧೈವತ ಶುದ್ಧ ಧೈವತವಾಯಿತು. ಮಾಯಾಮಾಳವಗೌಳ ಸಿದ್ಧ, ಎರಡೇ ಬಿರಡೆಯ ಕೆಲಸ. ಇ ಜೋಡಿಯನ್ನು ಹಾಗೆಯೇ ಬಿಟ್ಟು ಎಫ್ ಶಾರ್ಪನ್ನು ಇಳಿಸಿದರೆ ಗಾಂಧಾರ ಸಾಧಾರಣವಾಗಿ, ನಿಷಾದ ಕೈಶಿಕಿಯಾಗಿ ಖರಹರಪ್ರಿಯ. ಎರಡು ಜೋಡಿಗಳನ್ನೂ ಇಳಿಸಿದರೆ ಹನುಮತೋಡಿ. ತೊಡಕಾಗುವುದು ಎರಡು ಅರ್ಧಗಳು ಹೊಂದದ ಮೇಳಗಳಲ್ಲಿ. ಹರಿಕಾಂಭೋಜಿಗೆ ಅಂತರ ಗಾಂಧಾರದ ಜೊತೆಗೆ ಕೈಶಿಕಿ ನಿಷಾದ ಬೇಕು. ಎಡಬದಿ ಅದನ್ನು ಕೊಡುವುದಿಲ್ಲ. ಆಗ ನಿಷಾದಕ್ಕಾಗಿ ಬಲಬದಿಯ ಎಂಟನೆಯ ಜೋಡಿಗೋ ಮಂದ್ರದ ಕುದುರೆಯ ತುದಿಯ ಜೋಡಿಗೋ ಕೈ ಹಾರಬೇಕು. ಐರಿಷ್ ಮತ್ತು ಸ್ಕಾಟಿಷ್ ಮಟ್ಟುಗಳಲ್ಲಿ ಈ ಸ್ವರಕ್ರಮ ಬೇಕಾದಷ್ಟಿದೆ. ಡಲ್ಸಿಮರ್ ನುಡಿಸುವವರು ಆ ಹಾರಾಟವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ.

ಗಮಕದ ಮಾತು ಎತ್ತಿದರೆ ಮಾತ್ರ ಉತ್ತರ ನಿರಾಶೆಯದು. ತಟ್ಟಿದ ಮೇಲೆ ಸ್ವರ ಕೈತಪ್ಪಿದಂತೆಯೇ. ಸಂತೂರಿನವರು ಕಲಮ್ ಎಂಬ ಕೋಲನ್ನು ತಂತಿಯ ಮೇಲೆ ಜಾರಿಸಿ ಮೀಂಡಿನ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ, ಭ್ರಮೆ ಹುಟ್ಟಿಸುತ್ತಾರೆ. ನಮ್ಮ ಜಲತರಂಗದವರು ನೀರನ್ನು ಅಲುಗಿಸಿ ಒಂದಷ್ಟು ಬಾಗಿಸುತ್ತಾರೆ. ಡಲ್ಸಿಮರಿನ ಜನಪದ ವಾದಕರು ಆ ದಾರಿ ಹಿಡಿಯಲಿಲ್ಲ. ಮಾಯಾಮಾಳವಗೌಳದ ಸರಳೆ ವರಿಸೆ ಇದರಲ್ಲಿ ಚೆನ್ನಾಗಿ ಬರುತ್ತದೆ, ತೋಡಿಯ ವರ್ಣ ಬರುವುದಿಲ್ಲ. ತೋಡಿಗೆ ಬೇಕಾದ ಸ್ವರಸ್ಥಾನಗಳಿದ್ದ ಮಾತ್ರಕ್ಕೆ ತೋಡಿ ಆಗುವುದಿಲ್ಲವೆಂಬುದು ಬಲ್ಲವರಿಗೆ ಹೊಸ ಸುದ್ದಿಯೂ ಅಲ್ಲ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ ಈ ವಾದ್ಯವನ್ನು ತಯಾರಿಸಿ ಊರೂರಿಗೆ ಹೊತ್ತು ಮಾರುವ ಉದ್ದಿಮೆಯೇ ಇತ್ತು. ಮಿಷಿಗನ್ನಿನ ಮರ ಕಡಿಯುವ ಬಿಡಾರಗಳವರೆಗೂ ಅದು ಹೋಯಿತು, 'ಮರ ಕಡಿಯುವವರ ಪಿಯಾನೋ' ಎಂಬ ಅಡ್ಡಹೆಸರನ್ನೂ ಪಡೆಯಿತು. ಅಗ್ಗದ ಪಿಯಾನೋ ಮತ್ತು ಕಾಲಿನಿಂದ ತುಳಿಯುವ ಹಾರ್ಮೋನಿಯಂ ಮನೆಮನೆಗೆ ಬಂದಂತೆ ಡಲ್ಸಿಮರ್ ಅಟ್ಟ ಸೇರಿತು. ಕಾರು ತಯಾರಿಸಿ ಹಳೆಯ ಹಳ್ಳಿಯ ಬದುಕನ್ನು ಕೊನೆಗಾಣಿಸಿದವರಲ್ಲಿ ಮೊದಲಿಗರಾದ ಹೆನ್ರಿ ಫೋರ್ಡ್ 1920ರ ದಶಕದಲ್ಲಿ ಹಳೆಯ ಕುಣಿತಗಳನ್ನು ಉಳಿಸಲೆಂದು ಕಟ್ಟಿದ ವಾದ್ಯಗೋಷ್ಠಿಯಲ್ಲಿ ಇದಕ್ಕೂ ಒಂದು ಕುರ್ಚಿ ಕೊಟ್ಟಿದ್ದರು. ಆ ವಿಪರ್ಯಾಸದ ಬಗ್ಗೆ ಬೇರೆಯೇ ಬರೆಯಬಹುದು. ಅಷ್ಟು ಬಿಟ್ಟರೆ, ವಾದ್ಯ ಉಳಿದದ್ದು ಕೆಲವು ಮನೆತನಗಳಲ್ಲಿ. ಪಶ್ಚಿಮ ನ್ಯೂಯಾರ್ಕಿನ ಪಾಲ್ ವಾನ್ ಆರ್ಸ್‌ಡೇಲ್ ತಾತ ಜೆಸ್ಸಿ ಮಾರ್ಟಿನ್ ಅವರಿಂದ ಕಲಿತವರು. ಮಿಷಿಗನ್ನಿನಲ್ಲಿ ಚೆಟ್ ಪಾರ್ಕರ್ ಇದ್ದರು. 1960ರ ದಶಕದಲ್ಲಿ ಮಿಷಿಗನ್ನಿನ ಎವರ್ಟ್ ಎಂಬ ಪುಟ್ಟ ಊರಿನ ಸುತ್ತ ಡಲ್ಸಿಮರ್ ವಾದಕರ ಸಂಘ ಹುಟ್ಟಿಕೊಂಡಿತು. 1973ರಲ್ಲಿ ಬಿಲ್ ಸ್ಪೆನ್ಸ್ ಹೊರತಂದ ರೆಕಾರ್ಡ್ ಕೇಳಿ ವಾದ್ಯ ಹುಡುಕಿಕೊಂಡು ಹೊರಟವರು ಬಹಳ ಮಂದಿ. ಸ್ಯಾಮ್ ರಿಜೆಟಾ ಅವರಂಥ ತಯಾರಕರು ಶ್ರುತಿಕ್ರಮವನ್ನು ಬೆಳೆಸಿದರು. ಸಿಯಾಟಲ್‌ನ ಡಸ್ಟಿ ಸ್ಟ್ರಿಂಗ್ಸ್ 1979ರಿಂದ ವಾದ್ಯ ತಯಾರಿಸುತ್ತಿದೆ. ಕ್ಯಾನ್ಸಾಸಿನ ವಿನ್‌ಫೀಲ್ಡ್‌ನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವ ಹಬ್ಬದಲ್ಲಿ ಇದಕ್ಕೆ ರಾಷ್ಟ್ರಮಟ್ಟದ ಸ್ಪರ್ಧೆ ಇದೆ.

ಪುನರುಜ್ಜೀವನ ಅಷ್ಟು ಬೇಗ ಹಬ್ಬಿದ್ದಕ್ಕೆ ಕಾರಣ ಮತ್ತೆ ಆ ಚೌಕ. ಪಿಟೀಲಿನಲ್ಲಿ ಒಂದು ಶುದ್ಧ ಸ್ವರ ಬರಲು ತಿಂಗಳು ಹಿಡಿಯುತ್ತದೆ; ಇಲ್ಲಿ ಒಂದು ಗಂಟೆಯಲ್ಲಿ ಒಂದು ಪೂರ್ತಿ ಮಟ್ಟು ಬರುತ್ತದೆ. ಕಲಿಸುವವರಿಗೆ ಇದು ವರವೂ ಹೌದು, ಬಲೆಯೂ ಹೌದು. ಮೊದಲ ದಿನ ಹಿಗ್ಗಿದ ವಿದ್ಯಾರ್ಥಿ ಆರನೆಯ ತಿಂಗಳಲ್ಲಿ ಅಲ್ಲೇ ನಿಂತಿರುತ್ತಾನೆ. ಯಾಕೆಂದರೆ ಸ್ವರ ಹುಡುಕುವ ಕಷ್ಟವನ್ನು ವಾದ್ಯ ತಾನೇ ಪರಿಹರಿಸಿಬಿಟ್ಟಿದೆ, ಉಳಿದಿರುವ ಕಷ್ಟಗಳು ಅವನ ಕಿವಿಗೆ ಇನ್ನೂ ಬಿದ್ದಿಲ್ಲ.

ಮೊದಲ ಕಷ್ಟ ಕೋಲು ಹಿಡಿಯುವುದು. ಸುಮಾರು 20ರಿಂದ 23 ಸೆಂಟಿಮೀಟರ್ ಉದ್ದದ, ಕೆಲವೇ ಗ್ರಾಂ ತೂಕದ ಮರದ ಕೋಲು. ತುದಿಯ ಒಂದು ಬದಿ ಬರಿಯ ಮರ, ಇನ್ನೊಂದು ಬದಿಗೆ ಮೆತ್ತನೆ ಚರ್ಮ. ಬರಿಯ ಮರದಲ್ಲಿ ತಟ್ಟಿದರೆ ಕುಣಿತದ ಗದ್ದಲದಲ್ಲೂ ಕೇಳುವ ಚೂಪು ನಾದ, ಚರ್ಮದಲ್ಲಿ ತಟ್ಟಿದರೆ ದುಂಡನೆಯದು. ಇಂಗ್ಲೆಂಡಿನ ಪೂರ್ವ ಆಂಗ್ಲಿಯಾದ ಹಳೆಯ ವಾದಕರು ಬೆತ್ತದ ಕೋಲಿಗೆ ಉಣ್ಣೆಯ ನೂಲು ಸುತ್ತುತ್ತಿದ್ದರು, ಆ ನಾದ ಇನ್ನೂ ಮೃದು. ಕೋಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿಯಬೇಕು. ಹೊಸಬರು ಬಿಗಿ ಹಿಡಿಯುತ್ತಾರೆ. ಬಿಗಿ ಹಿಡಿದ ಕೋಲು ತಂತಿಯ ಮೇಲೆ ಒಂದು ಕ್ಷಣ ಹೆಚ್ಚು ಕೂತು ತಾನೇ ಎಬ್ಬಿಸಿದ ನಾದವನ್ನು ತಾನೇ ಹೊಸಕುತ್ತದೆ. ಆಗ ನಾದ ಸಾಲದೆಂದು ಇನ್ನೂ ಜೋರಾಗಿ ಹೊಡೆಯುತ್ತಾರೆ, ಮಣಿಕಟ್ಟು ನೋಯುತ್ತದೆ. ಮಡಿಸಿದ ಟವಲಿನ ಮೇಲೆ ಕೋಲನ್ನು ಬೀಳಬಿಟ್ಟು ಅದಾಗಿಯೇ ಪುಟಿಯುವುದನ್ನು ಹತ್ತು ನಿಮಿಷ ಮಾಡಿಸುವುದು ಒಳ್ಳೆಯ ಗುರುಗಳ ಮೊದಲ ಪಾಠ. ತಟ್ಟಬೇಕಾದ ಜಾಗ ಕುದುರೆಯಿಂದ ಮೂರು-ನಾಲ್ಕು ಸೆಂಟಿಮೀಟರ್ ಆಚೆ. ಕುದುರೆಗೆ ತೀರ ಹತ್ತಿರವಾದರೆ ನಾದ ತಗಡಿನಂತಾಗುತ್ತದೆ. ನಡುವಿಗೆ ಹೋದರೆ ತಂತಿ ಹೆಚ್ಚು ಬಾಗಿ ಕೋಲು ಆಳಕ್ಕಿಳಿಯುತ್ತದೆ, ಪಕ್ಕದ ಜೋಡಿಯೂ ತಗಲುತ್ತದೆ.

ಎರಡನೆಯದು, ಯಾವ ಸ್ವರಕ್ಕೆ ಯಾವ ಕೈ. ಬಲ-ಎಡ-ಬಲ-ಎಡ ಎಂದು ಸರದಿಯಲ್ಲಿ ಆರೋಹಣ ನುಡಿಸಿ ನೋಡಿ. ಸ ಬಲ, ರಿ ಎಡ, ಗ ಬಲ, ಮ ಎಡ. ಪಂಚಮ ಬಲಗೈಗೆ ಬಂತು. ಆದರೆ ಪಂಚಮ ಇರುವುದು ಕುದುರೆಯ ಎಡಬದಿಯಲ್ಲಿ. ಎಡಗೈ ಇನ್ನೂ ಮಧ್ಯಮದ ಮೇಲೆ ಬಲಬದಿಯಲ್ಲಿದೆ. ಎರಡು ಕೋಲುಗಳು ಡಿಕ್ಕಿ ಹೊಡೆಯುವುದು ಇಲ್ಲೇ. ಎಡಗೈಯಿಂದ ಶುರುಮಾಡಿದರೆ ಪಂಚಮಕ್ಕೆ ಎಡಗೈಯೇ ಬರುತ್ತದೆ, ಕೈ ಕತ್ತರಿಯಾಗುವುದಿಲ್ಲ. ಹಾಗೆಂದು ಎಲ್ಲವನ್ನೂ ಎಡಗೈಯಿಂದ ಶುರುಮಾಡಿದರೆ ಬಲಗೈಯವರಿಗೆ ತಾಳದ ಒತ್ತು ಸಡಿಲವಾಗುತ್ತದೆ. ಆದ್ದರಿಂದ ಕಲಿಸುವವರಲ್ಲೇ ಎರಡು ಪಂಥಗಳಿವೆ: ಬಲಗೈ ಮುಂದಾಳು ಎನ್ನುವವರು, ಮಟ್ಟು ಯಾವ ಕಡೆ ತಿರುಗುತ್ತದೋ ಆ ಕೈ ಮುಂದಾಗಲಿ ಎನ್ನುವವರು. ಎರಡನೆಯವರ ಮಾತಿನಲ್ಲಿ ಹೆಚ್ಚು ಹುರುಳಿದೆ, ಆದರೆ ಅದಕ್ಕೆ ಪ್ರತಿ ಮಟ್ಟನ್ನೂ ಮುಂಚಿತವಾಗಿ ಯೋಚಿಸಿ ಕೂರಬೇಕು. ಹೊಸಬರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಜಿಗ್ ಎಂಬ ತಿಶ್ರ ನಡೆಯ ಮಟ್ಟುಗಳಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ತಕಿಟ ತಕಿಟ ಎಂದು ಸರದಿಯಲ್ಲಿ ಕೈ ಹಾಕಿದರೆ ಮೊದಲ ತ ಬಲಕ್ಕೆ, ಎರಡನೆಯ ತ ಎಡಕ್ಕೆ ಬೀಳುತ್ತದೆ. ಎರಡೂ ಒತ್ತುಗಳು ಒಂದೇ ತೂಕದಲ್ಲಿ ಕೇಳಬೇಕಾದರೆ ಎಡಗೈಯನ್ನು ಬೇರೆಯಾಗಿಯೇ ಸಾಧನೆ ಮಾಡಿಸಬೇಕು.

ಹಬ್ಬಗಳಲ್ಲಿ ನಡೆಯುವ ಕಮ್ಮಟಗಳಲ್ಲಿ ಪಾಠ ಕಿವಿಯಿಂದ ಕಿವಿಗೆ. ಗುರುಗಳು ಎರಡು ಅಳತೆ (ತಾಳದ ಆವರ್ತ) ನುಡಿಸುತ್ತಾರೆ, ತರಗತಿ ಹಿಂತಿರುಗಿಸುತ್ತದೆ. ನಾಲ್ಕು, ಆಮೇಲೆ ಎಂಟು. ಕುಣಿತದ ಮಟ್ಟಿಗೆ ಎಂಟೆಂಟು ಅಳತೆಯ ಎರಡು ಭಾಗ, ಪ್ರತಿಯೊಂದಕ್ಕೂ ಎರಡಾವರ್ತಿ, ಒಟ್ಟು 32. ಒಂದು ಗಂಟೆಯ ಕಮ್ಮಟದಲ್ಲಿ ಒಂದು ಮಟ್ಟು ಕಲಿಸಿದರೆ ಧಾರಾಳವಾಯಿತು. ಮೂರು ಕಲಿಸುತ್ತೇನೆಂದು ಹೊರಟವರ ತರಗತಿಯಿಂದ ಯಾರೂ ಒಂದನ್ನೂ ಮನೆಗೆ ಒಯ್ಯುವುದಿಲ್ಲ. ಇಪ್ಪತ್ತು ವಾದ್ಯಗಳು ಒಂದೇ ಕೋಣೆಯಲ್ಲಿ ಗುಂಯ್‌ಗುಟ್ಟಿದಾಗ ಗುರುಗಳ ಮಾತು ಕೇಳುವುದಿಲ್ಲ. ತಂತಿಗಳ ನಡುವೆ ಅಡ್ಡಲಾಗಿ ಒಂದು ಫೆಲ್ಟಿನ ಪಟ್ಟಿ ಹೆಣೆದು ನಾದ ತಗ್ಗಿಸುವುದು ಇದಕ್ಕಿರುವ ಸುಲಭ ಉಪಾಯ. ಮಧ್ಯವಯಸ್ಸು ದಾಟಿ ಕಲಿಯಲು ಬರುವವರು ಇಲ್ಲಿ ಬಹಳ. ಅವರಿಗೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ ಓದಲು ಬಂದರೂ ಕಾಗದದಿಂದ ಕಣ್ಣೆತ್ತಿ ತಂತಿ ನೋಡುವಷ್ಟರಲ್ಲಿ ಕೋಲು ಒಂದು ಜೋಡಿ ಆಚೆ ಬಿದ್ದಿರುತ್ತದೆ. ನೋಟ ಒಂದೇ ಕಡೆ ಇರಬೇಕು. ಅದಕ್ಕೇ ಕಂಠಪಾಠ.

ಮೂರನೆಯ ಕಷ್ಟ ನಾದ ನಿಲ್ಲದಿರುವುದು. ಒಮ್ಮೆ ತಟ್ಟಿದ ತಂತಿ, ಅದರಲ್ಲೂ ಮಂದ್ರದ್ದು, ಸೆಕೆಂಡುಗಟ್ಟಲೆ ಉಲಿಯುತ್ತದೆ. ವೇಗದ ಮಟ್ಟಿನಲ್ಲಿ ಹಿಂದಿನ ಎಂಟು ಸ್ವರಗಳು ಮುಂದಿನದರ ಮೈಮೇಲೆ ಬಿದ್ದಿರುತ್ತವೆ. ಹಂಗೇರಿಯಲ್ಲಿ ಯೋಝೆಫ್ ಶುಂಡಾ 1874ರಲ್ಲಿ ಬುಡಾಪೆಸ್ಟ್‌ನಲ್ಲಿ ಕಾಲಿನಿಂದ ಒತ್ತುವ ತಡೆಯನ್ನು ಸಿಂಬಲಂಗೆ ಜೋಡಿಸಿ ಇದನ್ನು ಬಗೆಹರಿಸಿದರು, ಆ ವಾದ್ಯ ಸಂಗೀತ ಕಛೇರಿಯ ಸಭಾಂಗಣ ಸೇರಿತು, ಜೊತೆಗೆ ಒಬ್ಬರು ಹೊರಲಾಗದಷ್ಟು ಭಾರವೂ ಆಯಿತು. ಅಮೆರಿಕದಲ್ಲೂ ಕೆಲವರು ಪೆಡಲ್ ಹಾಕಿಸುತ್ತಾರೆ. ಬಹುಪಾಲು ಜನ ನುಡಿಸುವ ಬಗೆಯಲ್ಲೇ ದಾರಿ ಹುಡುಕಿಕೊಳ್ಳುತ್ತಾರೆ: ಮಂದ್ರದ ಜೋಡಿಗಳನ್ನು ಅಳತೆಗೊಮ್ಮೆ ಮಾತ್ರ ಮುಟ್ಟುವುದು, ಹಿನ್ನೆಲೆಯ ಸ್ವರಮೇಳ ಬದಲಾಗುವ ಕಡೆ ಕಡಿಮೆ ತಟ್ಟುವುದು, ಕೊನೆಯಲ್ಲಿ ಅಂಗೈ ಚಪ್ಪಟೆಯಾಗಿಟ್ಟು ನಿಲ್ಲಿಸುವುದು. ಎಷ್ಟು ನುಡಿಸಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂದು ತಿಳಿದವರ ವಾದನ ಎರಡು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ.

ಇನ್ನು ಶ್ರುತಿ. ಇದರ ಬಗ್ಗೆ ಡಲ್ಸಿಮರಿನವರ ನಡುವೆ ಇರುವಷ್ಟು ನಗೆಹನಿಗಳು ಬೇರೆ ಯಾವುದರ ಬಗ್ಗೆಯೂ ಇಲ್ಲ. 62 ತಂತಿಗೆ ತಲಾ ಇಪ್ಪತ್ತು ಸೆಕೆಂಡ್ ಎಂದು ಹಿಡಿದರೂ ಇಪ್ಪತ್ತು ನಿಮಿಷ, ಅದೂ ಕೈ ಪಳಗಿದವರಿಗೆ. ಐದು ಮಿಲಿಮೀಟರ್ ದಪ್ಪದ ಬಿರಡೆಯನ್ನು ಕೀಲಿಕೈಯಿಂದ ತಿರುಗಿಸುವುದು. ಅರ್ಧ ಸ್ವರ ಬದಲಾಗಲು ಬಿರಡೆ ತಿರುಗಬೇಕಾದದ್ದು ಕೆಲವೇ ಡಿಗ್ರಿ. ಗಡಿಯಾರದ ನಿಮಿಷದ ಮುಳ್ಳು ಒಂದೆರಡು ಗೀಟು ಸರಿದಷ್ಟು. ಆ ಅರ್ಧ ಸ್ವರವನ್ನು ನೂರು ಸೆಂಟ್‌ಗಳಾಗಿ ಭಾಗಿಸಿದರೆ, ಶ್ರುತಿ ಸೇರಿಸುವವರ ಕೈ ಹುಡುಕುವುದು ಒಂದೆರಡು ಸೆಂಟ್‌ಗಳನ್ನು. ಹಾಗಾಗಿ ಬಿರಡೆಯನ್ನು ತಿರುಗಿಸುವುದೆನ್ನುವುದಕ್ಕಿಂತ ಅದರ ಮೇಲೆ ಭಾರ ಬಿಡುವುದು ಎನ್ನುವುದೇ ಸರಿ. ಕೀಲಿಕೈಯನ್ನು ಓರೆಯಾಗಿ ಎಳೆದರೆ ಬಿರಡೆ ತಿರುಗದೆ ಬಾಗುತ್ತದೆ, ಕೈ ತೆಗೆದೊಡನೆ ಮರಳಿ ನಿಲ್ಲುತ್ತದೆ. ಶ್ರುತಿ ಸೇರಿತೆಂದುಕೊಂಡದ್ದು ಎರಡು ನಿಮಿಷಕ್ಕೆ ಇಳಿದಿರುತ್ತದೆ.

ಜೋಡಿಯ ಎರಡು ತಂತಿಗಳನ್ನು ಒಟ್ಟಿಗೆ ತಟ್ಟಿ ಶ್ರುತಿಯಂತ್ರಕ್ಕೆ ತೋರಿಸಿದರೆ ಸೂಜಿ ತೂರಾಡುತ್ತದೆ. ಒಂದಕ್ಕೆ ಫೆಲ್ಟಿನ ತುಂಡು ಸಿಕ್ಕಿಸಿ ಇನ್ನೊಂದನ್ನು ಯಂತ್ರದಿಂದ ಹೊಂದಿಸಿ, ಆಮೇಲೆ ಫೆಲ್ಟ್ ತೆಗೆದು ಎರಡನೆಯದನ್ನು ಕಿವಿಯಿಂದ ಮೊದಲನೆಯದಕ್ಕೆ ಕೂಡಿಸಬೇಕು. ಎ 440ರ (ಸೆಕೆಂಡಿಗೆ 440 ಕಂಪನದ ಎ ಸ್ವರ) ಬಳಿ ನಾಲ್ಕು ಸೆಂಟ್ ವ್ಯತ್ಯಾಸವಿದ್ದರೆ ಸೆಕೆಂಡಿಗೆ ಒಂದು ಅಲೆ ಕೇಳುತ್ತದೆ. ಆ ಅಲೆ ನಿಧಾನವಾಗುತ್ತಾ ಮಾಯವಾಗುವವರೆಗೆ ಎಳೆಯಿರಿ. ಕಿವಿಯ ಈ ಕೆಲಸವನ್ನು ಫೋನಿನ ಆ್ಯಪ್‌ಗೆ ಪೂರ್ತಿ ಒಪ್ಪಿಸಿದವರ ವಾದ್ಯ ಪರದೆಯ ಮೇಲೆ ಸರಿಯಿದ್ದು ಕೇಳಲು ಒರಟಾಗಿರುತ್ತದೆ.

ಈಗ ಆ 3:2. ಬಲಬದಿ ಸೇರಿಸಿದ ಮೇಲೆ ಎಡಬದಿಯ ಪಂಚಮ ತಾನಾಗಿಯೇ ಸರಿಯಿರಬೇಕು. ಇರುವುದಿಲ್ಲ. ಒಂದು ಕಾರಣ, ಉಜ್ಜಾಟ: ಬಿರಡೆ ಎಳೆದಾಗ ಹೆಚ್ಚಿದ ಬಿಗುವು ಕುದುರೆಯ ತಲೆಯನ್ನು ದಾಟಿ ಆಚೆಗೆ ಪೂರ್ತಿ ಹರಿಯದೆ ನಿಂತಿರುತ್ತದೆ. ತಂತಿಯನ್ನು ಕುದುರೆಯ ಪಕ್ಕದಲ್ಲಿ ಬೆರಳಿನಿಂದ ಸ್ವಲ್ಪ ಒತ್ತಿ ಬಿಟ್ಟರೆ ಅದು ಹಂಚಿಕೊಳ್ಳುತ್ತದೆ. ಎಲ್ಲ ಜೋಡಿಗಳಲ್ಲೂ ಎಡಬದಿ ಒಂದೇ ತೆರನಾಗಿ ಏರಿದ್ದರೆ ಕುದುರೆಯೇ ಎಡಕ್ಕೆ ಸರಿದಿದೆ ಎಂದರ್ಥ. ಎಷ್ಟು ಸರಿಸಬೇಕು? ಬಲಕ್ಕೆ 36, ಎಡಕ್ಕೆ 24 ಸೆಂಟಿಮೀಟರ್ ಇರುವ ತಂತಿಯನ್ನೇ ತೆಗೆದುಕೊಳ್ಳಿ. ಕುದುರೆ ಒಂದೇ ಮಿಲಿಮೀಟರ್ ಬಲಕ್ಕೆ ಹೋದರೆ ಎಡಬದಿ ಏಳು ಸೆಂಟ್ ಇಳಿಯುತ್ತದೆ, ಬಲಬದಿ ಐದು ಸೆಂಟ್ ಏರುತ್ತದೆ. ಪಂಚಮದ ಅಂತರ ಹನ್ನೆರಡು ಸೆಂಟ್ ಕಿರಿದಾಗುತ್ತದೆ. ಅಂದರೆ ಬೇಕಾಗುವುದು ಅರ್ಧ ಮಿಲಿಮೀಟರಿನ ಲೆಕ್ಕ. ಕುದುರೆಯ ಬುಡಕ್ಕೆ ಮರದ ತುಂಡೊಂದನ್ನು ಆನಿಸಿ ಮೆಲ್ಲನೆ ತಟ್ಟುತ್ತಾರೆ. ತಲೆಗೆ ತಟ್ಟಿದರೆ ಕುದುರೆ ವಾಲುತ್ತದೆ. ಶುದ್ಧ 3:2 ಪಂಚಮಕ್ಕೂ ಪಿಯಾನೋದ ಸಮಭಾಗದ ಪಂಚಮಕ್ಕೂ ಎರಡು ಸೆಂಟ್ ವ್ಯತ್ಯಾಸ ಬೇರೆ ಇದೆ. ಇಷ್ಟರ ಬಗ್ಗೆ ತಲೆಕೆಡಿಸಿಕೊಳ್ಳುವವರೂ ಇದ್ದಾರೆ, ಅವರಿಗೆ ನಿದ್ದೆ ಕಡಿಮೆ.

ತಂತಿ ಮತ್ತು ಮರ ಎರಡಕ್ಕೂ ಹವೆಯ ಜೊತೆ ಜಗಳ, ಬೇರೆ ಬೇರೆ ರೀತಿಯಲ್ಲಿ. ಬಿಸಿಲು ಬಿದ್ದರೆ ಉಕ್ಕು ನಿಮಿಷಗಳಲ್ಲಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಹತ್ತು ಡಿಗ್ರಿ ಏರಿದರೆ ಹತ್ತು ಸೆಂಟ್‌ಗಿಂತ ಹೆಚ್ಚು. ತೇವ ಹೆಚ್ಚಿದರೆ ಮೇಲ್ಹಲಗೆ ದಿನಗಳಲ್ಲಿ ಉಬ್ಬಿ, ಕುದುರೆಯನ್ನು ಎತ್ತಿ, ಶ್ರುತಿ ಏರುತ್ತದೆ. ಹಿಮದ ಊರುಗಳ ಚಳಿಗಾಲದಲ್ಲಿ ಮನೆಯ ಹೀಟರ್ ಗಾಳಿಯನ್ನು ಒಣಗಿಸಿದಾಗ ಹಲಗೆ ಕುಗ್ಗುತ್ತದೆ, ಶ್ರುತಿ ಇಳಿಯುತ್ತದೆ, ಕೆಲವೊಮ್ಮೆ ಬಿರುಕೂ ಬಿಡುತ್ತದೆ. 40ರಿಂದ 50 ಶೇಕಡಾ ತೇವ ಇರುವ ಕೋಣೆ ಇದಕ್ಕೆ ಹಿತ.

ಹೊರಾಂಗಣದ ಮದುವೆಗಳಿಗೆ ಒಪ್ಪಿಕೊಳ್ಳುವಾಗ ವಾದಕರು ಹಣದ ಮಾತಿಗೂ ಮುಂಚೆ ನೆರಳಿನ ಮಾತು ಎತ್ತುವುದು ಈ ಕಾರಣಕ್ಕೆ. ಬರೀ ನೆರಳಿದ್ದರೆ ಸಾಲದು. ಶ್ರುತಿ ಸೇರಿಸುವಾಗಿನಿಂದ ಮುಗಿಯುವವರೆಗೂ ಅದೇ ಜಾಗ ನೆರಳಿನಲ್ಲಿರಬೇಕು. ಸಂಜೆ ಐದಕ್ಕೆ ಸೂರ್ಯ ಎಲ್ಲಿರುತ್ತಾನೆಂದು ಕೇಳುವ ವಾದ್ಯಗಾರ ಡಲ್ಸಿಮರಿನವನೇ ಆಗಿರುತ್ತಾನೆ. ಕಪ್ಪು ಚೀಲದಲ್ಲಿಟ್ಟ ವಾದ್ಯವನ್ನು ಬೇಸಿಗೆಯ ಕಾರಿನಲ್ಲಿ ಬಿಟ್ಟುಹೋಗುವುದಂತೂ ಅಂಟು ಬಿಡಿಸಿ ಚೌಕಟ್ಟು ಒಡೆಸುವ ಸಲೀಸಾದ ದಾರಿ.

ಬರೀ ಕಛೇರಿಯಿಂದ ಹೊಟ್ಟೆ ಹೊರೆಯುವವರು ಈ ವಾದ್ಯದಲ್ಲಿ ಬೆರಳೆಣಿಕೆಯಷ್ಟು. ಉಳಿದವರ ವರ್ಷ ತುಂಡುತುಂಡು. ವಾರದ ಪಾಠಗಳು, ವಾರಾಂತ್ಯದ ಕುಣಿತ, ಬೇಸಿಗೆಯ ಹಬ್ಬಗಳ ಕಮ್ಮಟ, ಚರ್ಚು ಮತ್ತು ವೃದ್ಧಾಶ್ರಮಗಳ ಕಾರ್ಯಕ್ರಮ, ಕರಕುಶಲ ಸಂತೆಗಳಲ್ಲಿ ನುಡಿಸುತ್ತಲೇ ರೆಕಾರ್ಡಿಂಗ್ ಮಾರುವುದು, ಕೋಲು ಕೆತ್ತಿ ಮಾರುವುದು. ಕ್ರಿಸ್‌ಮಸ್ ತಿಂಗಳು ಮಾತ್ರ ಸುಗ್ಗಿ. ಆ ಹಾಡುಗಳಿಗೆ ಈ ಗಂಟೆಯಂಥ ನಾದ ಎಲ್ಲರಿಗೂ ಬೇಕು. ಕಾಂಟ್ರಾ ಎಂಬ ಸಾಲುಕುಣಿತಕ್ಕೆ ನುಡಿಸುವುದು ಕೂಲಿ ಕೆಲಸದಷ್ಟೇ ದಣಿವಿನದು. ನಿಮಿಷಕ್ಕೆ 120 ಹೆಜ್ಜೆಯ ಲಯದಲ್ಲಿ ಒಂದು ಮಟ್ಟಿನ 64 ಹೆಜ್ಜೆ 32 ಸೆಕೆಂಡಿಗೆ ಮುಗಿಯುತ್ತದೆ. ಎಂಟು ನಿಮಿಷದ ಕುಣಿತಕ್ಕೆ ಹದಿನೈದು ಸುತ್ತು. ಬೇಸರ ಬಾರದಂತೆ ಎರಡು-ಮೂರು ಮಟ್ಟುಗಳನ್ನು ಪೋಣಿಸುತ್ತಾರೆ. ಡಿ ಶ್ರುತಿಯ ಮಟ್ಟಿನಿಂದ ಜಿಗೆ ಹಾರುವುದು ಇಷ್ಟವಾದ ಜೋಡಣೆ, ಚೌಕ ಮೂರು ಜೋಡಿ ಸರಿದರೆ ಆಯಿತಲ್ಲ. ಪಿಟೀಲಿನವರು ಎ ಶ್ರುತಿಯ ಮಟ್ಟು ಕೇಳಿದರೆ ಮುಖ ಸಣ್ಣದಾಗುತ್ತದೆ: ಮಂದ್ರದ ಕುದುರೆಯಲ್ಲಿ ಎರಡು ಸ್ವರ, ಬಲಬದಿಯಲ್ಲಿ ನಾಲ್ಕು, ಎಡಬದಿಯಲ್ಲಿ ಮತ್ತೆರಡು, ಹೀಗೆ ಆರೋಹಣ ವಾದ್ಯದ ಅಡಿಭಾಗದಲ್ಲಿ ಅಡ್ಡಡ್ಡ ಓಡುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಹಳೆಯ ಡಲ್ಸಿಮರ್ ಮನೆಯ ಹಳೆ ಸಾಮಾನುಗಳ ಮಾರಾಟಗಳಲ್ಲಿ ಕಣ್ಣಿಗೆ ಬೀಳಬಹುದು. ಕೊಳ್ಳುವ ಮುಂಚೆ ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚಿನಗುಂಟ ನೋಡಿ, ತಿರುಚಿದ್ದರೆ ಅಲ್ಲೇ ಬಿಟ್ಟುಬಿಡಿ. ಮೇಲ್ಹಲಗೆ ತಂತಿಗಳಡಿ ತಗ್ಗಾಗಿದೆಯೇ ನೋಡಿ. ನಾಲ್ಕಾರು ಬಿರಡೆಗಳನ್ನು ಕೀಲಿಕೈಯಿಂದ ಅಲ್ಲಾಡಿಸಿ. ಬೆಣ್ಣೆಯಂತೆ ತಿರುಗಿದರೆ ತೂತು ಸವೆದಿದೆ. ಒಂದೆರಡಾದರೆ ಒಂದು ಅಳತೆ ದಪ್ಪದ ಬಿರಡೆ ಹಾಕಿಸಬಹುದು, ಹತ್ತಾರಾದರೆ ದಿಮ್ಮಿಯೇ ಹೋಗಿದೆ. ತಂತಿ ತುಕ್ಕಾಗಿರುವುದು ದೊಡ್ಡ ದೋಷವಲ್ಲ. ಅಳತೆ ಗುರುತಿಸಿಕೊಂಡು ಅದೇ ದಪ್ಪದ ಪಿಯಾನೋ ತಂತಿ ತಂದು, ತುದಿಯಲ್ಲಿ ಕುಣಿಕೆ ಹೊಸೆದು, ಬಿರಡೆಗೆ ಮೂರು-ನಾಲ್ಕು ಸುತ್ತು ಮರದ ಕಡೆಗೆ ಇಳಿಯುವ ಹಾಗೆ ಸುತ್ತಿದರೆ ಸಾಕು. ಹೊಸ ತಂತಿ ಒಂದು ವಾರ ಇಳಿಯುತ್ತಲೇ ಇರುತ್ತದೆ, ದಿನಕ್ಕೊಮ್ಮೆ ಎತ್ತುತ್ತಿರಬೇಕು.

ಊರಿಗೆ ತರುವುದಾದರೆ ಬೆಂಗಳೂರು, ಮೈಸೂರಿನ ಹವೆ ಇದಕ್ಕೆ ಒಗ್ಗುತ್ತದೆ. ಬಂದ ಮೇಲೆ ಒಂದೆರಡು ವಾರ ಕೋಣೆಗೆ ಒಗ್ಗಲು ಬಿಟ್ಟು ಶ್ರುತಿ ಮಾಡಿ. ಮಂಗಳೂರು, ಉಡುಪಿಯ ಕಡೆ ಮಳೆಗಾಲದ ತೇವಕ್ಕೂ ಕಡಲಿನ ಉಪ್ಪುಗಾಳಿಗೂ ಉಕ್ಕಿನ ತಂತಿ ತಡೆಯುವುದಿಲ್ಲ. ಅಲ್ಲಿ ನುಡಿಸಿದೊಡನೆ ಒಣಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಚೀಲದೊಳಗಿಡಿ. ಮಾಯಾಮಾಳವಗೌಳಕ್ಕೆ ಇ ಜೋಡಿ ಇಳಿಸಿದ್ದರೆ, ಇಳಿಸಿದ ತಂತಿ ಐದು ನಿಮಿಷದಲ್ಲಿ ಒಂದಿಷ್ಟು ಏರಿರುತ್ತದೆ. ಇನ್ನೊಮ್ಮೆ ನೋಡಿಕೊಂಡೇ ಸರಳೆ ಶುರುಮಾಡಿ.